ಥಿನ್ನರ್ ವಾಸನೆ 'ಅಭ್ಯಾಸ ಆಗಿದೆ' ಅಂತೀರಾ? ಪೇಂಟ್, ಪಾಲಿಷ್, ಗ್ಯಾರೇಜ್ ಅಂಗಡಿಗಳು ತಿಳಿದಿರಬೇಕಾದ ಪೂರ್ತಿ ಮಾಹಿತಿ

ಯಾವುದೇ ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಫರ್ನಿಚರ್ ಅಂಗಡಿಯ ಹಿಂಬದಿ ಮಂಚಕ್ಕೆ ಪಾಲಿಷ್ ಹೊಡೀತಿರ್ತಾರೆ. ಪಕ್ಕದ ಗ್ಯಾರೇಜಿನಲ್ಲಿ ಹುಡುಗನೊಬ್ಬ ತಟ್ಟೆಯಲ್ಲಿ ಪೆಟ್ರೋಲ್ ಸುರಿದುಕೊಂಡು ಬರಿಗೈಯಲ್ಲಿ ಕಾರ್ಬುರೇಟರ್ ತೊಳೀತಿರ್ತಾನೆ. ಎದುರಿನ ಚಪ್ಪಲಿ ರಿಪೇರಿ ಅಂಗಡಿಯಲ್ಲಿ ಸಲ್ಯೂಷನ್ ಡಬ್ಬಿ ಬೆಳಗ್ಗೆಯಿಂದ ಬಾಯಿ ತೆರೆದುಕೊಂಡೇ ಇರುತ್ತೆ. ಮೇಲಿನ ಮಹಡಿಯಲ್ಲಿ ಫ್ಲೆಕ್ಸ್ ಮೆಷಿನ್ ಓಡುತ್ತಿರುತ್ತೆ, ಎಸಿ ಇರೋದರಿಂದ ಕಿಟಕಿ ಬಂದ್.

ಈ ನಾಲ್ಕೂ ಕಡೆ ಸಮಾನವಾಗಿರುವುದು ಒಂದೇ: ಸಾಲ್ವೆಂಟ್, ಅಂದರೆ ದ್ರಾವಕ. ಆಯುಧಪೂಜೆ, ದೀಪಾವಳಿ ಹತ್ತಿರ ಬಂದಂತೆ ಪೇಂಟಿಂಗ್, ಪಾಲಿಷ್ ಕೆಲಸ ಹೆಚ್ಚುತ್ತೆ. ಮಳೆ ಬಂದರೆ ಎರಚಲು ಹೊಡೆಯುತ್ತೆ ಅಂತ ಶಟರ್ ಅರ್ಧ ಇಳಿಸಿ ಒಳಗೇ ಸ್ಪ್ರೇ ಮಾಡುವುದೂ ಉಂಟು. ಸಂಜೆ ಹೊತ್ತಿಗೆ ತಲೆನೋವು, ಕಣ್ಣುರಿ, ಊಟ ಸೇರದಿರುವುದು. 'ಮೊದಲು ಹಂಗೇ ಆಗ್ತಿತ್ತು, ಈಗ ಅಭ್ಯಾಸ ಆಗಿದೆ' ಎನ್ನುವ ಮಾತು ಎಲ್ಲ ಅಂಗಡಿಯಲ್ಲೂ ಕೇಳಿಬರುತ್ತೆ. ಅಭ್ಯಾಸ ಆಗಿರೋದು ಮೂಗಿಗೆ ಮಾತ್ರ. ಮೆದುಳು, ನರ, ಲಿವರ್‌ಗೆ ಅಲ್ಲ.

ಅಂಗಡಿ ಮಾಲೀಕರು, ಕೆಲಸಗಾರರು ಮತ್ತು ಮನೆಗೆ ಪೇಂಟ್ ಮಾಡಿಸುವವರು ಇಟ್ಟುಕೊಳ್ಳಬಹುದಾದ ಮಾಹಿತಿ ಇಲ್ಲಿದೆ.

ಯಾವುದರಲ್ಲಿ ಏನಿದೆ?

ಗಟ್ಟಿ ಇರುವುದನ್ನು ಕರಗಿಸಿ, ತನ್ನ ಕೆಲಸ ಮುಗಿದ ಮೇಲೆ ಗಾಳಿಗೆ ಆರಿ ಹೋಗುವ ದ್ರವವೇ ಸಾಲ್ವೆಂಟ್. ಪೇಂಟ್ 'ಒಣಗಿತು' ಅಂದರೆ ಅದರಲ್ಲಿದ್ದ ಸಾಲ್ವೆಂಟ್ ಅಂಗಡಿಯ ಗಾಳಿಗೆ ಸೇರಿತು ಅಂತಲೇ ಅರ್ಥ. ಅದು ಎಲ್ಲಿಗೂ ಮಾಯವಾಗಲ್ಲ. ಹೊರಗೆ ಹೋಗಬೇಕು, ಇಲ್ಲವೇ ಉಸಿರಿಗೆ ಹೋಗಬೇಕು.

* ಎನ್‌ಸಿ ಥಿನ್ನರ್, ಪಿಯು ಥಿನ್ನರ್: ಟೊಲ್ಯೂಯಿನ್, ಕ್ಸೈಲಿನ್, ಅಸಿಟೋನ್, ಬ್ಯುಟೈಲ್ ಅಸಿಟೇಟ್ ಮೊದಲಾದವುಗಳ ಮಿಶ್ರಣ. ಅಗ್ಗದ ಥಿನ್ನರ್‌ನಲ್ಲಿ ಮೆಥನಾಲ್ ಕೂಡ ಇರಬಹುದು.
* ಟರ್ಪೆಂಟೈನ್: ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಪೆಟ್ರೋಲಿಯಂನಿಂದ ತೆಗೆದ ಮಿನರಲ್ ಟರ್ಪೆಂಟೈನ್. ಆಯಿಲ್ ಪೇಂಟಿಗೆ ಬೆರೆಸುವುದು ಇದನ್ನೇ.
* ಚಪ್ಪಲಿ, ರೆಕ್ಸಿನ್, ಸನ್‌ಮೈಕಾ ಅಂಟಿಸುವ ಹಳದಿ ಗಮ್, ಪಂಚರ್ ಸಲ್ಯೂಷನ್: ಟೊಲ್ಯೂಯಿನ್, ಹೆಕ್ಸೇನ್ ಜಾತಿಯ ಸಾಲ್ವೆಂಟ್‌ಗಳು.
* ಪೆಟ್ರೋಲ್: ಬಿಎಸ್-6 ಪೆಟ್ರೋಲಿನಲ್ಲೂ ಶೇ 1ರವರೆಗೆ ಬೆಂಜೀನ್ ಇರಲು ಅವಕಾಶವಿದೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರುವ ವಸ್ತು.
* ಪೇಂಟ್ ರಿಮೂವರ್: ಕೆಲವದರಲ್ಲಿ ಮೆಥಿಲೀನ್ ಕ್ಲೋರೈಡ್ ಇರುತ್ತೆ. ಇದು ದೇಹದೊಳಗೆ ಹೋಗಿ ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡುತ್ತೆ, ಹೃದಯಕ್ಕೆ ನೇರ ಪೆಟ್ಟು.
* ಫ್ಲೆಕ್ಸ್ ಸಾಲ್ವೆಂಟ್ ಇಂಕ್ ಮತ್ತು ಅದರ ಹೆಡ್ ತೊಳೆಯುವ ಲಿಕ್ವಿಡ್: ಸೈಕ್ಲೋಹೆಕ್ಸನೋನ್ ಹಾಗೂ ಗ್ಲೈಕಾಲ್ ಈಥರ್‌ಗಳು.

ವಾಸನೆ ನಂಬಿ ಕೂರಬೇಡಿ

ಥಿನ್ನರ್ ಡಬ್ಬಿ ತೆರೆದಾಗ ಮೊದಲು ಮೂಗಿಗೆ ಹೊಡೆಯುತ್ತೆ. ಸ್ವಲ್ಪ ಹೊತ್ತಾದ ಮೇಲೆ ಅಷ್ಟೇನೂ ಅನ್ನಿಸಲ್ಲ. ಗಾಳಿಯಲ್ಲಿ ಆವಿ ಕಡಿಮೆ ಆಗಿ ಹೀಗಾಗೋದಲ್ಲ, ಮೂಗಿನ ಗ್ರಹಿಕೆ ದಣಿದು ಹೀಗಾಗುತ್ತೆ. ಆದ್ದರಿಂದ ಒಳಗೆ ಎಷ್ಟು ಆವಿ ತುಂಬಿದೆ ಅಂತ ಹೇಳಲು ಒಳಗಿರುವವರು ಸರಿಯಾದ ಜನ ಅಲ್ಲ. ಹೊರಗಿನಿಂದ ಬಂದ ಗಿರಾಕಿ ಮೂಗು ಮುಚ್ಚಿಕೊಂಡರೆ, ಟೀ ತಂದ ಹುಡುಗ 'ಏನಣ್ಣ ಇಷ್ಟು ವಾಸನೆ' ಅಂದರೆ, ಅದನ್ನು ದೂರು ಅಂದುಕೊಳ್ಳದೆ ಎಚ್ಚರಿಕೆ ಅಂದುಕೊಳ್ಳಬೇಕು.

ವಾಸನೆ ಇಲ್ಲದ ಥಿನ್ನರ್ ತಂದರೆ ಸಮಸ್ಯೆ ಮುಗಿಯಿತು ಅನ್ನುವುದೂ ತಪ್ಪು. ವಾಸನೆ ಕಡಿಮೆ ಇದ್ದ ಮಾತ್ರಕ್ಕೆ ಆವಿ ಕಡಿಮೆ ಇರಲ್ಲ.

ಒಂದು ಟೀ ಲೋಟದ ಲೆಕ್ಕ

ಗಾಳಿಯಲ್ಲಿರುವ ಆವಿಯನ್ನು ಪಿಪಿಎಂ ಲೆಕ್ಕದಲ್ಲಿ ಹೇಳುತ್ತಾರೆ. 10 ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಆವಿ ಅನ್ನುವುದೇ ಪಿಪಿಎಂ. ಕೆಲಸದ ಜಾಗದಲ್ಲಿ ದಿನದ ಸರಾಸರಿ ಟೊಲ್ಯೂಯಿನ್ 100 ಪಿಪಿಎಂ ದಾಟಬಾರದು ಅನ್ನುವುದು ಅಮೆರಿಕದ ವೃತ್ತಿ ಸುರಕ್ಷತಾ ಸಂಶೋಧನಾ ಸಂಸ್ಥೆಯಾದ ನಿಯೋಷ್ ಶಿಫಾರಸು. ಅಲ್ಲಿನ ಕೈಗಾರಿಕಾ ಆರೋಗ್ಯ ತಜ್ಞರ ಇನ್ನೊಂದು ಸಂಘ ಅದನ್ನು 20 ಪಿಪಿಎಂಗೆ ಇಳಿಸಿದೆ. 500 ಪಿಪಿಎಂ ಮುಟ್ಟಿದರೆ ಅದು ಪ್ರಾಣಕ್ಕೆ ಅಥವಾ ಆರೋಗ್ಯಕ್ಕೆ ತಕ್ಷಣದ ಅಪಾಯ ಅಂತ ನಿಯೋಷ್ ಗುರುತಿಸಿದೆ.

ಈಗ ನಮ್ಮ ಅಂಗಡಿಗೆ ಬರೋಣ. 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಒಂದು ಮಳಿಗೆ. ಒಳಗಿನ ಗಾಳಿ ಸುಮಾರು 28 ಘನ ಮೀಟರ್. ಅದರಲ್ಲಿ 100 ಮಿಲಿ, ಅಂದರೆ ಹೆಚ್ಚುಕಡಿಮೆ ಒಂದು ಸಣ್ಣ ಟೀ ಲೋಟದಷ್ಟು ಟೊಲ್ಯೂಯಿನ್ ಆವಿಯಾಯಿತು ಅಂದುಕೊಳ್ಳಿ. ಅದು ಸುಮಾರು 23 ಲೀಟರ್ ಆವಿಯಾಗುತ್ತೆ. ಬಾಗಿಲು ಕಿಟಕಿ ಮುಚ್ಚಿದ್ದರೆ ಮಳಿಗೆಯ ಗಾಳಿಯಲ್ಲಿ ಸುಮಾರು 800 ಪಿಪಿಎಂ!

ಒಂದೇ ಒಂದು ಟೀ ಲೋಟ. ಸ್ಪ್ರೇ ಗನ್ನಿನಲ್ಲಿ ಒಂದು ಬಾಗಿಲಿಗೆ ಪಾಲಿಷ್ ಹೊಡೆಯಲು, ಆಮೇಲೆ ಗನ್ ತೊಳೆಯಲು ಇದಕ್ಕಿಂತ ಹೆಚ್ಚು ಖರ್ಚಾಗುತ್ತೆ ಅನ್ನೋದು ಕೆಲಸ ಮಾಡುವವರಿಗೆ ಗೊತ್ತು.

ಈ ಆವಿಯನ್ನು 100 ಪಿಪಿಎಂಗೆ ಇಳಿಸಬೇಕಾದರೆ 230 ಘನ ಮೀಟರ್ ಹೊಸ ಗಾಳಿ ಬೇಕು. ಅಂದರೆ ಅದೇ ಅಳತೆಯ ಎಂಟು ಮಳಿಗೆ ತುಂಬುವಷ್ಟು ಗಾಳಿ. ಕಿಟಕಿ ಒಂದಿಂಚು ತೆರೆದಿಟ್ಟರೆ ಸಾಕಾಗಲ್ಲ ಅನ್ನುವುದು ಇದಕ್ಕೇ.

ದೇಹಕ್ಕೆ ಏನಾಗುತ್ತೆ?

ಅದೇ ದಿನ ಕಾಣಿಸುವುದು: ತಲೆನೋವು, ತಲೆಸುತ್ತು, ವಾಕರಿಕೆ, ಕಣ್ಣು ಮತ್ತು ಗಂಟಲು ಉರಿ, ಕುಡಿದವರ ಹಾಗೆ ಅಮಲು, ನಡಿಗೆ ತೂರಾಡುವುದು. ಇದೇ ಅಮಲಿನಲ್ಲಿ ಏಣಿ ಹತ್ತಿದರೆ, ಕಟ್ಟಿಂಗ್ ಮೆಷಿನ್ ಹಿಡಿದರೆ, ಬೈಕ್ ಓಡಿಸಿಕೊಂಡು ಮನೆಗೆ ಹೊರಟರೆ ಆಗುವ ಅವಘಡಕ್ಕೆ ಯಾರೂ ಥಿನ್ನರ್ ಹೆಸರು ಹೇಳಲ್ಲ.

ವರ್ಷಗಟ್ಟಲೆ ಆದ ಮೇಲೆ ಕಾಣಿಸುವುದು: ಮರೆವು, ಸಿಡುಕು, ಏಕಾಗ್ರತೆ ಇಲ್ಲದಿರುವುದು, ನಿದ್ದೆ ಕೆಡುವುದು. 1970ರ ದಶಕದಲ್ಲಿ ಡೆನ್ಮಾರ್ಕ್, ಸ್ವೀಡನ್ ದೇಶಗಳ ಪೇಂಟರ್‌ಗಳಲ್ಲಿ ವೈದ್ಯರು ಇದನ್ನು ಗಮನಿಸಿ ವೃತ್ತಿಯಿಂದ ಬರುವ ಕಾಯಿಲೆ ಅಂತ ಗುರುತಿಸಿದರು. ಟೊಲ್ಯೂಯಿನ್ ಕಿವಿಗೂ ಹಾನಿ ಮಾಡುತ್ತೆ. ಕಂಪ್ರೆಸರ್, ಗ್ರೈಂಡರ್ ಸದ್ದಿನ ಜೊತೆ ಸೇರಿದರೆ ಕಿವಿ ಇನ್ನೂ ಬೇಗ ಮಂದವಾಗುತ್ತೆ.

ಗಮ್‌ನಲ್ಲಿರುವ ಹೆಕ್ಸೇನ್ ಹೊಡೆಯುವುದು ಕೈಕಾಲಿನ ನರಗಳಿಗೆ. ಮೊದಲು ಪಾದ, ಬೆರಳುಗಳಲ್ಲಿ ಜೋಮು. ಆಮೇಲೆ ಚಪ್ಪಲಿ ಕಾಲಿಂದ ಜಾರಿದರೂ ಗೊತ್ತಾಗಲ್ಲ, ಕಾಲಲ್ಲಿ ಬಲ ಇರಲ್ಲ. ಜಪಾನಿನಲ್ಲಿ 1960ರ ದಶಕದಲ್ಲಿ ಮನೆಯಲ್ಲೇ ಕೂತು ಚಪ್ಪಲಿ ಅಂಟಿಸುತ್ತಿದ್ದ ಕೆಲಸಗಾರರಿಗೆ ಇದೇ ಆಯಿತು. 2009ರಲ್ಲಿ ಚೀನಾದ ಸುಝೌ ನಗರದ ಒಂದು ಕಾರ್ಖಾನೆಯಲ್ಲಿ ಮೊಬೈಲ್ ಪರದೆ ಒರೆಸಲು ಆಲ್ಕೋಹಾಲ್ ಬದಲು ಬೇಗ ಒಣಗುತ್ತೆ ಅಂತ ಹೆಕ್ಸೇನ್ ಬಳಸಿದರು. 137 ಕೆಲಸಗಾರರು ಅಸ್ವಸ್ಥರಾದರು. ಬೇಗ ಒಣಗುತ್ತೆ ಅಂದರೆ ಬೇಗ ಉಸಿರಿಗೆ ಸೇರುತ್ತೆ ಅಂತಲೂ ಅರ್ಥ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ, ಪೇಂಟರ್ ವೃತ್ತಿಯನ್ನೇ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲಿ 1989ರಲ್ಲಿ ಸೇರಿಸಿದೆ. ಇದಕ್ಕೆ ಸಾಲ್ವೆಂಟ್ ಒಂದೇ ಅಲ್ಲ, ಬಣ್ಣದ ಪುಡಿ, ಉಜ್ಜುವಾಗ ಏಳುವ ಧೂಳು ಎಲ್ಲ ಸೇರಿದೆ.

ಕಾರು, ಬೈಕಿಗೆ ಹೊಡೆಯುವ 2ಕೆ ಪಿಯು ಪೇಂಟಿನದು ಬೇರೆಯೇ ಕಥೆ. ಅದರ ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಇರುತ್ತೆ. ಇದಕ್ಕೆ ಒಮ್ಮೆ ದೇಹ ಸೂಕ್ಷ್ಮವಾಯಿತು ಅಂದರೆ ಆಮೇಲೆ ಸ್ವಲ್ಪ ತಾಗಿದರೂ ಆಸ್ತಮಾ ಕೆರಳುತ್ತೆ. ಅಂಥವರು ಆ ಕೆಲಸವನ್ನೇ ಬಿಡಬೇಕಾಗುತ್ತೆ. ಪೇಂಟ್ ಹೊಡೆದು ಮನೆಗೆ ಹೋದ ಮೇಲೆ ರಾತ್ರಿ ಕೆಮ್ಮು, ಎದೆ ಬಿಗಿತ ಬರುತ್ತಿದ್ದರೆ ಇದೇ ಇರಬಹುದು.

ಇನ್ನೊಂದು ಮಾತು. ಕೆಲಸ ಮುಗಿಸಿ 'ಮೈಕೈ ನೋವು' ಅಂತ ಎಣ್ಣೆ ಹಾಕುವವರಿದ್ದಾರೆ. ಟೊಲ್ಯೂಯಿನ್ ಅನ್ನೂ ಮದ್ಯವನ್ನೂ ಒಡೆದು ಹೊರಹಾಕಬೇಕಾದ್ದು ಅದೇ ಲಿವರ್. ಕುಡಿದಾಗ ಟೊಲ್ಯೂಯಿನ್ ಹೊರಹೋಗುವುದು ನಿಧಾನವಾಗಿ, ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತೆ.

ಆವಿ ಮೇಲೆ ಹೋಗಲ್ಲ, ಕೆಳಗೆ ಕೂರುತ್ತೆ

ಹೊಗೆ ಮೇಲೆ ಹೋಗುತ್ತೆ, ಹಾಗಾಗಿ ಥಿನ್ನರ್ ಆವಿಯೂ ಮೇಲಿನ ವೆಂಟಿಲೇಟರಿಂದ ಹೋಗಿಬಿಡುತ್ತೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಸಿಟೋನ್ ಆವಿ ಗಾಳಿಗಿಂತ ಎರಡು ಪಟ್ಟು ಭಾರ, ಟೊಲ್ಯೂಯಿನ್ ಮೂರು ಪಟ್ಟು ಭಾರ. ಗಾಳಿ ಆಡದ ಕಡೆ ಅದು ನೀರಿನ ಹಾಗೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತೆ. ಗ್ಯಾರೇಜಿನ ಸರ್ವಿಸ್ ಗುಂಡಿ, ಬೇಸ್‌ಮೆಂಟ್, ಮಂಚದ ಕೆಳಗೆ, ಚರಂಡಿ. ನೆಲದ ಮೇಲೆ ಕೂತು ಕೆಲಸ ಮಾಡುವವರ ಮೂಗು ಇರೋದೂ ಅದೇ ಎತ್ತರದಲ್ಲಿ.

ಬೆಂಕಿ ಹೊತ್ತುವುದೂ ಹೀಗೇ. ಟೊಲ್ಯೂಯಿನ್ 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತೆ. ಅಸಿಟೋನ್ ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿಗೂ ಕೆಳಗೆ. ನಮ್ಮ ಊರಿನ ಯಾವ ಚಳಿಯೂ ಇವುಗಳಿಗೆ ಚಳಿಯಲ್ಲ. ಡಬ್ಬಿ ಇಲ್ಲಿದೆ, ಒಲೆ ಅಷ್ಟು ದೂರದಲ್ಲಿದೆ ಅಂತ ಧೈರ್ಯ ಬೇಡ. ಆವಿ ನೆಲದ ಮೇಲೆ ಹರಿದು ಅಲ್ಲಿಗೆ ಹೋಗಿ, ಹೊತ್ತಿಕೊಂಡು ಡಬ್ಬಿಗೆ ವಾಪಸ್ ಬರುತ್ತೆ. ಬೆಂಕಿಕಡ್ಡಿ, ಬೀಡಿ, ವೆಲ್ಡಿಂಗ್ ಕಿಡಿ, ಗ್ರೈಂಡರ್, ಲೂಸ್ ಸ್ವಿಚ್, ಸಂಜೆ ದೇವರ ಫೋಟೋ ಮುಂದೆ ಹಚ್ಚುವ ದೀಪ, ಊದುಬತ್ತಿ: ಇಷ್ಟರಲ್ಲಿ ಯಾವುದಾದರೂ ಒಂದು ಸಾಕು. ಪೂಜೆ ಮುಗಿಸಿ ದೀಪ, ಊದುಬತ್ತಿ ಪೂರ್ತಿ ಆರಿದ ಮೇಲೆ ಡಬ್ಬಿ ತೆರೆಯಿರಿ.

ಗಾಳಿ: ಫ್ಯಾನ್ ಎಲ್ಲಿ ಇಡಬೇಕು?

ಸೀಲಿಂಗ್ ಫ್ಯಾನ್ ಹಾಕಿದರೆ ಆವಿ ಕಡಿಮೆ ಆಗಲ್ಲ, ಕಲಕುತ್ತೆ ಅಷ್ಟೇ. ಸ್ಪ್ಲಿಟ್ ಎಸಿ ಕೂಡ ಹೊರಗಿನ ಗಾಳಿ ತರಲ್ಲ, ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ವಾಪಸ್ ಬಿಡುತ್ತೆ. ಫ್ಲೆಕ್ಸ್ ಪ್ರಿಂಟಿಂಗ್ ರೂಮಿನವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಬೇಕಾಗಿರೋದು ದಾರಿ: ಒಂದು ಕಡೆಯಿಂದ ಗಾಳಿ ಒಳಗೆ ಬರಬೇಕು, ಎದುರು ಕಡೆಯಿಂದ ಹೊರಗೆ ಹೋಗಬೇಕು. ಕ್ರಮ ಹೀಗಿರಬೇಕು: ಹೊಸ ಗಾಳಿ, ಆಮೇಲೆ ಕೆಲಸಗಾರ, ಆಮೇಲೆ ಪೇಂಟ್ ಮಾಡುವ ವಸ್ತು, ಆಮೇಲೆ ಹೊರದಾರಿ. ಕೆಲಸಗಾರನ ಬೆನ್ನ ಹಿಂದಿನಿಂದ ಅಥವಾ ಪಕ್ಕದಿಂದ ಗಾಳಿ ಬೀಸಬೇಕು. ಎದುರಿನಿಂದ ಬೀಸಿದರೆ ಎಲ್ಲ ಆವಿಯನ್ನೂ ಅವನ ಮುಖಕ್ಕೇ ಹೊಡೆದ ಹಾಗೆ.

ಸಾಮಾನ್ಯ ಎಕ್ಸಾಸ್ಟ್ ಫ್ಯಾನಿನ ಮೋಟಾರು, ಸ್ವಿಚ್ಚಿನಲ್ಲಿ ಕಿಡಿ ಏಳಬಹುದು. ಅದರ ಮೂಲಕ ದಟ್ಟ ಥಿನ್ನರ್ ಆವಿ ಎಳೆಸುವುದು ಅಪಾಯ. ಹೆಚ್ಚು ಸ್ಪ್ರೇ ಮಾಡುವ ಜಾಗಕ್ಕೆ ಫ್ಲೇಮ್‌ಪ್ರೂಫ್ ಮೋಟಾರಿನ ಎಕ್ಸಾಸ್ಟನ್ನೇ, ನೆಲಕ್ಕೆ ಹತ್ತಿರವಾಗಿ ಹಾಕಿಸಬೇಕು. ಅದು ಇಲ್ಲದ ಸಣ್ಣ ಅಂಗಡಿಯವರಿಗೆ ಸುಲಭದ ದಾರಿ: ಪೆಡಸ್ಟಲ್ ಫ್ಯಾನನ್ನು ಹೊರಗಿನ ಗಾಳಿ ಬರುವ ಬಾಗಿಲಿನಲ್ಲಿಟ್ಟು ಒಳಕ್ಕೆ ಬೀಸುವಂತೆ ಮಾಡಿ, ಎದುರಿನ ಬಾಗಿಲು ಅಥವಾ ಶಟರ್ ಪೂರ್ತಿ ತೆರೆದಿಡಿ. ಆಗ ಮೋಟಾರು ಒಳ್ಳೆ ಗಾಳಿಯಲ್ಲಿರುತ್ತೆ, ಆವಿ ಮುಂದಕ್ಕೆ ಹೋಗುತ್ತೆ. ಡಬ್ಬಿ ತೆರೆಯುವ ಮೊದಲೇ ಫ್ಯಾನ್ ಆನ್ ಮಾಡಿ, ಮಧ್ಯದಲ್ಲಿ ಸ್ವಿಚ್ ಮುಟ್ಟಬೇಡಿ.

ಫ್ಯಾನ್ ಕೊಳ್ಳುವಾಗ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಅಂತ ಕೇಳಿ ನೋಡಿ. 1000 ಅಂತಿದ್ದರೆ, ಮೇಲೆ ಹೇಳಿದ 28 ಘನ ಮೀಟರ್ ಮಳಿಗೆಯ ಗಾಳಿ ಲೆಕ್ಕದಲ್ಲಿ ಗಂಟೆಗೆ 35 ಸಲ ಬದಲಾಗಬೇಕು. ಹೊರದಾರಿ ಇಲ್ಲದಿದ್ದರೆ, ಮೂಲೆಯಲ್ಲಿ ಸಾಮಾನು ತುಂಬಿದ್ದರೆ ಅದರ ಅರ್ಧವೂ ಆಗಲ್ಲ. ಹಾಗಾಗಿ ಕೆಲಸ ಮುಗಿದ ಮೇಲೂ ಒಂದು ಗಂಟೆ ಫ್ಯಾನ್ ಓಡಲಿ. ಒಣಗುವಾಗಲೂ ಆವಿ ಬರುತ್ತಲೇ ಇರುತ್ತೆ.

ಸಾಧ್ಯವಿದ್ದರೆ ಸ್ಪ್ರೇ ಕೆಲಸವನ್ನು ಹೊರಗೆ ಶೀಟ್ ಶೆಡ್ಡಿನಲ್ಲಿ, ಮೂರು ಕಡೆ ತೆರೆದ ಜಾಗದಲ್ಲಿ ಮಾಡಿ. ಪಕ್ಕದ ಹೋಟೆಲ್, ಅಂಗನವಾಡಿ ಕಡೆಗೆ ಗಾಳಿ ಬೀಸದಂತೆ ನೋಡಿಕೊಳ್ಳಿ.

ಮಾಸ್ಕ್: ಕರ್ಚೀಫು ನಡೆಯಲ್ಲ, ಎನ್95 ಕೂಡ ನಡೆಯಲ್ಲ

ಕೊರೊನಾ ಕಾಲದ ಎನ್95 ಮಾಸ್ಕ್ ಧೂಳು, ಹನಿ ತಡೆಯುತ್ತೆ. ಸಾಲ್ವೆಂಟ್ ಆವಿ ಅದರ ಮೂಲಕ ಆರಾಮಾಗಿ ಒಳಗೆ ಬರುತ್ತೆ. ಒದ್ದೆ ಕರ್ಚೀಫು ಕಟ್ಟಿಕೊಳ್ಳುವುದೂ ವ್ಯರ್ಥ. ಬೇಕಾಗಿರೋದು ಇದ್ದಿಲಿನ ಕಾರ್ಟ್ರಿಜ್ ಇರುವ ರಬ್ಬರ್ ಮಾಸ್ಕ್. ಕಾರ್ಟ್ರಿಜ್ ಮೇಲೆ 'ಎ' ಎಂಬ ಗುರುತು ಮತ್ತು ಕಂದು ಬಣ್ಣದ ಪಟ್ಟಿ ಇರಬೇಕು, ಇಲ್ಲವೇ 'ಓವಿ' ಅಂತ ಬರೆದಿರಬೇಕು. ಸ್ಪ್ರೇ ಮಾಡುವವರಿಗೆ ಅದರ ಮೇಲೆ ಹನಿ ತಡೆಯುವ ಫಿಲ್ಟರ್ ಕೂಡ ಬೇಕು.

ನಾಲ್ಕು ವಿಷಯ ನೆನಪಿಡಿ:

* ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಕೂರಲ್ಲ, ಸಂದಿಯಿಂದ ಆವಿ ಬರುತ್ತೆ. ಹಾಕಿಕೊಂಡ ಮೇಲೆ ಕಾರ್ಟ್ರಿಜ್ ಅನ್ನು ಅಂಗೈಯಿಂದ ಮುಚ್ಚಿ ಉಸಿರೆಳೆಯಿರಿ. ಮಾಸ್ಕ್ ಮುಖಕ್ಕೆ ಅಂಟಿದರೆ ಸರಿಯಾಗಿ ಕೂತಿದೆ.
* ಕಾರ್ಟ್ರಿಜ್ ಗೋಡೆಗೆ ನೇತುಹಾಕಿದ್ದರೂ ಗಾಳಿಯಿಂದ ಆವಿ ಹೀರುತ್ತಲೇ ಇರುತ್ತೆ. ಕೆಲಸ ಮುಗಿದ ಮೇಲೆ ಗಾಳಿಯಾಡದ ಡಬ್ಬಿ ಅಥವಾ ಜಿಪ್ ಕವರಿನಲ್ಲಿಡಿ.
* ಮಾಸ್ಕಿನೊಳಗೆ ಥಿನ್ನರ್ ವಾಸನೆ ಬಂತು ಅಂದರೆ ಕಾರ್ಟ್ರಿಜ್ ಮುಗಿದಿದೆ. ವಾಸನೆ ಬರುವವರೆಗೂ ಕಾಯದೆ, ತೆರೆದ ದಿನಾಂಕ ಬರೆದಿಟ್ಟು ನಿಗದಿಯಾಗಿ ಬದಲಿಸುವುದು ಒಳ್ಳೆಯದು.
* ಮೆಥಿಲೀನ್ ಕ್ಲೋರೈಡ್ ಮತ್ತು ಐಸೋಸಯನೇಟ್‌ಗೆ ಈ ಮಾಸ್ಕನ್ನು ನಂಬಬೇಡಿ. ಮೊದಲನೆಯದು ಬೇಗ ದಾಟಿಬಿಡುತ್ತೆ, ಎರಡನೆಯದು ದಾಟಿದರೂ ವಾಸನೆಯಿಂದ ಗೊತ್ತಾಗಲ್ಲ. ಅಂಥ ಕೆಲಸಕ್ಕೆ ಪೈಪಿನಲ್ಲಿ ಶುದ್ಧ ಗಾಳಿ ಕೊಡುವ ಮಾಸ್ಕ್ ಬೇಕು.

ಮಾಸ್ಕ್ ಯಾವಾಗಲೂ ಕೊನೆಯ ದಾರಿ. ಮೊದಲು ಸಾಮಾನು ಬದಲಿಸಲು ಆಗುತ್ತಾ ನೋಡಿ, ಆಮೇಲೆ ಗಾಳಿ, ಆಮೇಲೆ ಮಾಸ್ಕ್.

ಕೈ ತೊಳೆಯಲು ಪೆಟ್ರೋಲ್, ಥಿನ್ನರ್ ಬೇಡವೇ ಬೇಡ

ಗ್ರೀಸ್, ಪೇಂಟ್ ಹೋಗಲಿ ಅಂತ ಪೆಟ್ರೋಲ್, ಥಿನ್ನರ್‌ನಲ್ಲಿ ಕೈ ಉಜ್ಜುವುದು ಎಲ್ಲ ಕಡೆ ನಡೆಯುತ್ತೆ. ಇದು ಚರ್ಮದ ಎಣ್ಣೆ ತೆಗೆದು ಬಿರುಕು ಬಿಡಿಸುತ್ತೆ, ಚರ್ಮದ ಮೂಲಕವೂ ರಕ್ತಕ್ಕೆ ಸೇರುತ್ತೆ. ಮೊದಲು ಸ್ವಲ್ಪ ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆದರೆ ಆಯಿಲ್ ಪೇಂಟ್, ಗ್ರೀಸ್ ಹೋಗುತ್ತೆ. ಕಾರ್ಬುರೇಟರ್, ಚೈನ್ ತೊಳೆಯಲು ಪೆಟ್ರೋಲ್ ಬದಲು ನೀರಿನಲ್ಲಿ ಬೆರೆಸುವ ಡಿಗ್ರೀಸರ್ ಸಿಗುತ್ತೆ, ಬ್ರಷ್ ಹಿಡಿದು ತೊಳೆಯಬಹುದು.

ಗ್ಲೌಸ್ ವಿಚಾರದಲ್ಲೂ ಮೋಸ ಹೋಗಬಾರದು. ಆಸ್ಪತ್ರೆಯ ತೆಳು ಲ್ಯಾಟೆಕ್ಸ್ ಗ್ಲೌಸ್ ಸಾಲ್ವೆಂಟ್‌ಗೆ ಉಪಯೋಗವಿಲ್ಲ. ನೀಲಿ ನೈಟ್ರೈಲ್ ಗ್ಲೌಸ್ ಟರ್ಪೆಂಟೈನ್‌ಗೆ ನಡೆಯುತ್ತೆ, ಆದರೆ ತೆಳು ಇದ್ದರೆ ಟೊಲ್ಯೂಯಿನ್, ಅಸಿಟೋನ್ ನಿಮಿಷಗಳಲ್ಲಿ ದಾಟುತ್ತೆ. ಅಸಿಟೋನ್‌ಗೆ ಬ್ಯುಟೈಲ್ ರಬ್ಬರ್ ಗ್ಲೌಸ್ ಸರಿ. ಥಿನ್ನರ್ ಚೆಲ್ಲಿ ಒದ್ದೆಯಾದ ಗ್ಲೌಸ್ ತಕ್ಷಣ ತೆಗೆಯಿರಿ.

ಸಂಪ್, ಟ್ಯಾಂಕ್, ಬಾತ್‌ರೂಮ್: ಇಲ್ಲಿ ಪ್ರಾಣವೇ ಹೋಗುತ್ತೆ

ನೀರಿನ ಸಂಪಿನೊಳಗೆ ವಾಟರ್‌ಪ್ರೂಫಿಂಗ್ ಕೋಟಿಂಗ್, ಎಪಾಕ್ಸಿ ಪೇಂಟ್ ಹೊಡೆಯುವುದು ಅತ್ಯಂತ ಅಪಾಯದ ಕೆಲಸ. ಮೂತಿ ಎರಡಡಿ, ಒಳಗೆ ಗಾಳಿ ಆಡಲ್ಲ, ಭಾರದ ಆವಿ ಅಲ್ಲೇ ತುಂಬುತ್ತೆ. ಒಳಗಿರುವವನಿಗೆ ಅಮಲು ಬಂದು ಹತ್ತಲು ಆಗದೆ ಕುಸಿಯುತ್ತಾನೆ. ಮೇಲಿದ್ದವರು ಎತ್ತಲು ಇಳಿಯುತ್ತಾರೆ, ಅವರೂ ಕುಸಿಯುತ್ತಾರೆ. ಒಂದು ಸಾವು ಎರಡು, ಮೂರು ಆಗುವುದು ಹೀಗೆ.

ಅಮೆರಿಕದಲ್ಲಿ 2000ದಿಂದ 2011ರ ನಡುವೆ ಬಾತ್‌ಟಬ್‌ನ ಹಳೆ ಪೇಂಟ್ ಕೀಳುತ್ತಿದ್ದ ಕನಿಷ್ಠ 13 ಕೆಲಸಗಾರರು ಮೆಥಿಲೀನ್ ಕ್ಲೋರೈಡ್ ಆವಿಗೆ ಸತ್ತರು. ಅದು ಸಂಪೂ ಅಲ್ಲ, ಸಾಮಾನ್ಯ ಬಾತ್‌ರೂಮು. 2019ರಲ್ಲಿ ಅಲ್ಲಿ ಜನಸಾಮಾನ್ಯರಿಗೆ ಆ ರಿಮೂವರ್ ಮಾರುವುದನ್ನೇ ನಿಷೇಧಿಸಿದರು.

ಮನೆ ಕಟ್ಟಿಸುವವರು ಸಂಪಿಗೆ ನೀರಿನಲ್ಲಿ ಕಲಸುವ ಸಿಮೆಂಟ್ ಆಧಾರಿತ ಕೋಟಿಂಗ್ ಕೇಳಿ. ಸಾಲ್ವೆಂಟ್ ಇರುವುದೇ ಬೇಕು ಅಂದರೆ ಹೊರಗಿನಿಂದ ಪೈಪಿನಲ್ಲಿ ಗಾಳಿ ಊದುವ ಬ್ಲೋವರ್, ಸೊಂಟಕ್ಕೆ ಹಗ್ಗ, ಮೇಲೆ ಸದಾ ನೋಡುತ್ತಾ ನಿಲ್ಲುವ ಒಬ್ಬ, ಇಷ್ಟು ಇಲ್ಲದೆ ಯಾರನ್ನೂ ಇಳಿಸಬೇಡಿ. ಕಾರ್ಟ್ರಿಜ್ ಮಾಸ್ಕ್ ಹಾಕಿ ಇಳಿಸುವುದೂ ತಪ್ಪು. ಅದು ಆವಿ ಹೀರುತ್ತೆ, ಆಕ್ಸಿಜನ್ ಕೊಡಲ್ಲ.

ಡಬ್ಬಿ, ಬಾಟಲಿ, ಚಿಂದಿ ಬಟ್ಟೆ

ನೀರಿನ ಬಾಟಲಿ, ಕೂಲ್‌ಡ್ರಿಂಕ್ ಬಾಟಲಿಯಲ್ಲಿ ಥಿನ್ನರ್, ಟರ್ಪೆಂಟೈನ್ ತುಂಬಿಡುವ ಅಭ್ಯಾಸ ಇಂದೇ ನಿಲ್ಲಿಸಬೇಕು. ಮಕ್ಕಳು ನೀರು ಅಂತ ಕುಡಿಯುತ್ತಾರೆ. ಮೆಥನಾಲ್ ಬೆರೆತ ಥಿನ್ನರ್ ಹೊಟ್ಟೆಗೆ ಹೋದರೆ ಕಣ್ಣೇ ಹೋಗಬಹುದು. ಅಂಗಡಿಯವರು ಇಂಥ ಬಾಟಲಿಗೆ ಲೂಸ್ ಹಾಕಿಕೊಡಬಾರದು. ಶಾಲೆ ಮಕ್ಕಳು ಸಲ್ಯೂಷನ್, ಥಿನ್ನರ್ ಕೇಳಿ ಬಂದರೆ 'ಮನೆಯವರನ್ನು ಕಳಿಸು' ಅಂತ ವಾಪಸ್ ಕಳಿಸಿ. ಇದನ್ನು ಮೂಸಿ ಅಮಲು ಮಾಡಿಕೊಳ್ಳುವ ಚಟ ಪ್ರಾಣ ತೆಗೆಯುತ್ತೆ.

ಆ ದಿನಕ್ಕೆ ಬೇಕಾದಷ್ಟೇ ಒಳಗೆ ಇರಲಿ. ಉಳಿದದ್ದು ಬಿಸಿಲು ಬೀಳದ, ಗಾಳಿಯಾಡುವ, ಬೀಗ ಇರುವ ಬೇರೆ ಜಾಗದಲ್ಲಿರಲಿ. ಮೆಟ್ಟಿಲ ಕೆಳಗೆ ಇಡಬೇಡಿ, ಬೆಂಕಿ ಬಿದ್ದರೆ ಮೇಲಿನವರು ಇಳಿಯುವ ದಾರಿಯೇ ಅದು. ಗಮ್ ಡಬ್ಬಿಗೆ ಬ್ರಷ್ ತೂರುವಷ್ಟು ತೂತಿರುವ ಮುಚ್ಚಳ ಮಾಡಿಕೊಂಡರೆ ಗಮ್ಮೂ ಉಳಿಯುತ್ತೆ, ಆರೋಗ್ಯವೂ ಉಳಿಯುತ್ತೆ. ದಿನವಿಡೀ ಬಾಯಿ ತೆರೆದ ಡಬ್ಬಿಯಿಂದ ಆರಿಹೋಗುವುದು ದುಡ್ಡೇ ತಾನೇ.

ಥಿನ್ನರ್ ಒರೆಸಿದ ಬಟ್ಟೆಯನ್ನು ಮೂಲೆಗೆ ಎಸೆಯದೆ ಮುಚ್ಚಳ ಇರುವ ತಗಡಿನ ಡಬ್ಬದಲ್ಲಿ ಹಾಕಿ. ಅಗಸೆ ಎಣ್ಣೆ ಹಚ್ಚಿದ ಬಟ್ಟೆ ಇನ್ನೂ ಅಪಾಯ. ಉಂಡೆ ಮಾಡಿ ಬಿಸಾಡಿದರೆ ತನ್ನಷ್ಟಕ್ಕೇ ಬಿಸಿಯೇರಿ ರಾತ್ರಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಬಿಡಿಸಿ ಒಣಹಾಕಿ. ಉಳಿದ ಥಿನ್ನರನ್ನು ಚರಂಡಿಗೆ ಸುರಿಯಬೇಡಿ. ತಿಳಿ ಬಿಟ್ಟು ಮೇಲಿನದನ್ನು ಗನ್ ತೊಳೆಯಲು ಮತ್ತೆ ಬಳಸಬಹುದು.

ಮನೆಯವರಿಗೆ

ವಾಸವಿರುವ ಮನೆಯಲ್ಲಿ ಬಾಗಿಲು, ವಾರ್ಡ್‌ರೋಬ್ ಪಾಲಿಷ್ ಮಾಡಿಸುವುದಿದ್ದರೆ ಬಿಡಿಸಿ ಹೊರಗೆ ಮಾಡಿಸಲು ಆಗುತ್ತಾ ಕೇಳಿ. ಗೋಡೆಗೆ ನೀರು ಬೆರೆಸುವ ಎಮಲ್ಷನ್, ಕಿಟಕಿ ಬಾಗಿಲಿಗೆ ವಾಟರ್ ಬೇಸ್ಡ್ ಎನಾಮೆಲ್ ಆರಿಸಿಕೊಳ್ಳಿ. ಡಬ್ಬಿಯ ಮೇಲೆ 'ಲೋ ವಿಒಸಿ' ಅಂತಿದೆಯಾ ನೋಡಿ. ಪೇಂಟ್ ಮಾಡಿದ ರೂಮಿನಲ್ಲಿ ಎರಡು ಮೂರು ದಿನ ಮಲಗಬೇಡಿ, ಕಿಟಕಿ ಹಗಲೂ ರಾತ್ರಿ ತೆರೆದಿರಲಿ. ಗರ್ಭಿಣಿಯರು, ಕೂಸುಗಳು, ಆಸ್ತಮಾ ಇರುವವರು ಆ ದಿನಗಳಲ್ಲಿ ನೆಂಟರ ಮನೆಯಲ್ಲಿದ್ದರೆ ಉತ್ತಮ. ಗೃಹಪ್ರವೇಶದ ಹಿಂದಿನ ರಾತ್ರಿವರೆಗೂ ಪಾಲಿಷ್ ಹೊಡೆಸಿ, ಬೆಳಗ್ಗೆ ಅದೇ ಹಾಲಿನಲ್ಲಿ ಹೋಮ ಮಾಡಿಸುವುದಂತೂ ಬೇಡ.

ಕಾನೂನು ಏನು ಹೇಳುತ್ತೆ?

* ಪೆಟ್ರೋಲಿಯಂ ಕಾಯ್ದೆ 1934ರ ಪ್ರಕಾರ, 23 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲೇ ಹೊತ್ತುವ ಪೆಟ್ರೋಲಿಯಂ ದ್ರವ 'ಎ' ವರ್ಗ. ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ 30 ಲೀಟರ್‌ವರೆಗೆ ಮಾತ್ರ ಲೈಸೆನ್ಸ್ ಇಲ್ಲದೆ ಇಡಬಹುದು. ಅದೂ ಬಿಗಿ ಮುಚ್ಚಳದ ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಯಲ್ಲಿ. ಗಾಜು, ಪಿಂಗಾಣಿ ಆದರೆ ಒಂದು ಲೀಟರ್, ಲೋಹ ಆದರೆ 25 ಲೀಟರ್ ಮೀರಬಾರದು.
* 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಡುವಂತಿಲ್ಲ. 14ರಿಂದ 18ರವರನ್ನು ಹೊತ್ತಿಕೊಳ್ಳುವ ವಸ್ತುಗಳ ಕೆಲಸಕ್ಕೆ, ಅಪಾಯಕಾರಿ ಪ್ರಕ್ರಿಯೆಗೆ ಹಾಕುವಂತಿಲ್ಲ. 'ಕೆಲಸ ಕಲೀಲಿ ಅಂತ ಬಿಟ್ಟಿದ್ದಾರೆ' ಅನ್ನುವ ಸಬೂಬು ನಡೆಯಲ್ಲ.
* 10 ಅಥವಾ ಹೆಚ್ಚು ಜನ ಕೆಲಸಕ್ಕಿರುವ ಸಂಸ್ಥೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ವಯಿಸುತ್ತೆ. ಬೆಂಜೀನ್‌ನಿಂದ ಬರುವ ಕಾಯಿಲೆ 1923ರ ಪರಿಹಾರ ಕಾಯ್ದೆಯ ವೃತ್ತಿ ರೋಗಗಳ ಪಟ್ಟಿಯಲ್ಲೇ ಇತ್ತು.
* ಕಟ್ಟಡಗಳಲ್ಲಿ ಕೆಲಸ ಮಾಡುವ ಪೇಂಟರ್, ಬಡಗಿಗಳು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ, 18ರಿಂದ 60 ವರ್ಷದೊಳಗಿದ್ದರೆ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು.

ಪೇಂಟ್, ಥಿನ್ನರ್ ಕಂಪನಿಗಳು ಪ್ರತಿ ಸಾಮಾನಿಗೂ 'ಸೇಫ್ಟಿ ಡೇಟಾ ಶೀಟ್' ಮಾಡಿರುತ್ತವೆ. 16 ಭಾಗ ಇರುತ್ತೆ. 2ನೇ ಭಾಗ ಅಪಾಯ, 3ನೇ ಭಾಗ ಒಳಗೇನಿದೆ, 4ನೇ ಭಾಗ ಪ್ರಥಮ ಚಿಕಿತ್ಸೆ, 8ನೇ ಭಾಗ ಯಾವ ಮಾಸ್ಕ್, ಗ್ಲೌಸ್. ಡೀಲರ್ ಹತ್ತಿರ ಕೇಳಿ ಪಡೆಯಿರಿ. ಡ್ರಮ್ಮಿನಿಂದ ಅಳೆದುಕೊಡುವ ಲೂಸ್ ಥಿನ್ನರ್‌ಗೆ ಇದು ಸಿಗಲ್ಲ. ಲೀಟರಿಗೆ ಹತ್ತಿಪ್ಪತ್ತು ರೂಪಾಯಿ ಉಳಿಯಬಹುದು, ಆದರೆ ಒಳಗೇನಿದೆ ಅಂತ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದಾಗ ಉತ್ತರ ಇರಲ್ಲ.

ಅವಘಡ ಆದರೆ

* ತಲೆಸುತ್ತು, ಅಮಲು: ತಕ್ಷಣ ಹೊರಗಿನ ಗಾಳಿಗೆ ಕರೆತನ್ನಿ. ಒದ್ದೆಯಾದ ಬಟ್ಟೆ ತೆಗೆಸಿ. ಪ್ರಜ್ಞೆ ತಪ್ಪಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಿ.
* ಸಂಪಿನೊಳಗೆ ಕುಸಿದಿದ್ದರೆ: ಇಳಿಯಬೇಡಿ. ಹಗ್ಗ ಇದ್ದರೆ ಮೇಲಿನಿಂದ ಎಳೆಯಿರಿ, ಒಳಕ್ಕೆ ಗಾಳಿ ಊದಿ, 112 ಅಥವಾ 101ಕ್ಕೆ ಕರೆ ಮಾಡಿ.
* ಕಣ್ಣಿಗೆ ಬಿದ್ದರೆ: 15 ನಿಮಿಷ ನೀರು ಹರಿಸಿ ತೊಳೆಯಿರಿ. ಉಜ್ಜಬೇಡಿ.
* ಕುಡಿದಿದ್ದರೆ: ವಾಂತಿ ಮಾಡಿಸಬೇಡಿ. ಉಪ್ಪುನೀರು, ಹಾಲು, ಎಣ್ಣೆ ಕುಡಿಸಬೇಡಿ. ವಾಂತಿಯಾದಾಗ ಶ್ವಾಸಕೋಶಕ್ಕೆ ಹೋದರೆ ಇನ್ನೂ ಅಪಾಯ. ಡಬ್ಬಿ ಜೊತೆಗೇ ಆಸ್ಪತ್ರೆಗೆ ಹೋಗಿ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.
* ಬೆಂಕಿ: ನೀರು ಹಾಕಬೇಡಿ, ಉರಿಯುವ ಥಿನ್ನರ್ ನೀರಿನ ಮೇಲೆ ತೇಲಿ ಹರಡುತ್ತೆ. ಎಬಿಸಿ ಪೌಡರ್ ಅಥವಾ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಾಗಿಲ ಹತ್ತಿರ ಇರಲಿ. ಹಿಡಿತಕ್ಕೆ ಸಿಗದಿದ್ದರೆ ಹೊರಗೆ ಓಡಿ, 101.

ಕಾಲು ಜೋಮು, ಮರೆವು, ರಾತ್ರಿ ಕೆಮ್ಮು ಅಂತ ಡಾಕ್ಟರ್ ಹತ್ತಿರ ಹೋದಾಗ 'ನಾನು ಸ್ಪ್ರೇ ಪೇಂಟರ್', 'ನಾನು ಗಮ್ ಕೆಲಸ ಮಾಡ್ತೀನಿ, ಇಷ್ಟು ವರ್ಷ ಆಯ್ತು' ಅಂತ ತಾವಾಗಿಯೇ ಹೇಳಿ. ಕೆಲಸ ಏನು ಅಂತ ಗೊತ್ತಾಗದಿದ್ದರೆ ಶುಗರ್, ಗ್ಯಾಸ್ಟ್ರಿಕ್ ಅಂತ ಔಷಧಿ ತಗೊಂಡು ವರ್ಷಗಳು ಕಳೆದುಹೋಗುತ್ತವೆ. ಹೆಕ್ಸೇನ್‌ನಿಂದ ಬಂದ ಜೋಮು ಬೇಗ ಪತ್ತೆಯಾಗಿ, ಆ ಗಮ್‌ನಿಂದ ದೂರ ಇದ್ದರೆ ತಿಂಗಳುಗಳಲ್ಲಿ ನಿಧಾನವಾಗಿ ವಾಸಿಯಾಗುವ ಸಾಧ್ಯತೆ ಇದೆ. ತಡವಾದಷ್ಟೂ ಕಷ್ಟ.

ಗೋಡೆಗೆ ಅಂಟಿಸಿ: ಡಬ್ಬಿ ತೆರೆಯುವ ಮೊದಲು ಏಳು ಪ್ರಶ್ನೆ

1. ಎರಡೂ ಕಡೆ ಬಾಗಿಲು ತೆರೆದಿದೆಯಾ?
2. ಫ್ಯಾನ್ ಬೆನ್ನ ಹಿಂದಿನಿಂದ ಬೀಸ್ತಿದೆಯಾ?
3. ದೀಪ, ಊದುಬತ್ತಿ, ವೆಲ್ಡಿಂಗ್ ಎಲ್ಲ ಆರಿದೆಯಾ?
4. ಇದ್ದಿಲಿನ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿದೆಯಾ?
5. ಇವತ್ತಿಗೆ ಬೇಕಾದಷ್ಟೇ ಥಿನ್ನರ್ ಒಳಗಿದೆಯಾ?
6. ಚಿಂದಿ ಬಟ್ಟೆಗೆ ಮುಚ್ಚಳದ ಡಬ್ಬ ಇದೆಯಾ?
7. ಒಳಗಿರುವವನನ್ನು ನೋಡಿಕೊಳ್ಳಲು ಹೊರಗೆ ಒಬ್ಬ ಇದ್ದಾನಾ?

ಏಳರಲ್ಲಿ ಒಂದಕ್ಕೆ 'ಇಲ್ಲ' ಬಂದರೂ ಡಬ್ಬಿ ಮುಚ್ಚಿ ಅದನ್ನು ಮೊದಲು ಸರಿಮಾಡಿ. ಗಿರಾಕಿ ಒಂದು ದಿನ ಕಾಯ್ತಾರೆ.